ಗಾಳಿ ನೋಡಿ ಕಡಲು ಆರಿಸಿದ ಬಗೆ: ಮೆಡಿಟರೇನಿಯನ್‌ನಲ್ಲಿ ಹಾಯಿದೋಣಿಯ ಒಂದು ವಾರ

ಮೆಡಿಟರೇನಿಯನ್ ಸಮುದ್ರದಲ್ಲಿ ಹಾಯಿದೋಣಿಯನ್ನು ಬಾಡಿಗೆಗೆ ಹಿಡಿದು ಒಂದು ವಾರ ಕಳೆಯಬೇಕೆನ್ನುವವರು ಸಾಮಾನ್ಯವಾಗಿ ಮೊದಲು ದ್ವೀಪವನ್ನು ಆರಿಸುತ್ತಾರೆ, ಆಮೇಲೆ ರಜೆಯ ತಾರೀಖು ಹೊಂದಿಸುತ್ತಾರೆ, ಗಾಳಿಯ ಮಾತು ದೋಣಿ ಹತ್ತಿದ ಮೇಲೆಯೇ ಬರುತ್ತದೆ. ನಾನು ಈ ಸರದಿಯನ್ನು ಹಿಂದುಮುಂದು ಮಾಡಿದೆ. ಯಾವ ವಾರದಲ್ಲಿ ಯಾವ ಕಡಲ ಮೇಲೆ ಎಂಥ ಗಾಳಿ ಬೀಸುತ್ತದೆ ಎಂಬುದನ್ನು ಮೊದಲು ನೋಡಿ, ನಮ್ಮಲ್ಲಿ ಎಲ್ಲರಿಗಿಂತ ವಯಸ್ಸಾದವರು ಆ ಗಾಳಿಯನ್ನು ತಾಳಿಕೊಳ್ಳಬಲ್ಲರೇ ಎಂದು ಕೇಳಿಕೊಂಡು, ದ್ವೀಪದ ಹೆಸರನ್ನು ಕೊನೆಗೆ ಬರೆದೆ. ಬೆಳಗಾವಿಯ ಕಾಲೇಜೊಂದರಲ್ಲಿ ಭೂಗೋಳ ಕಲಿಸುವವಳಾದ್ದರಿಂದ ನಕ್ಷೆ ಹರವಿಕೊಂಡು ಕೂಡುವುದು ನನಗೆ ಬೇಸರದ ಕೆಲಸವಲ್ಲ; ಮನೆಯವರು ಆಯ್ಕೆಯ ಹೊಣೆಯನ್ನು ನನಗೆ ಕಟ್ಟಿದ್ದೂ ಅದೇ ಕಾರಣಕ್ಕೆ.

ಹೊರಡುವವರು ಏಳು ಜನ. ಎಪ್ಪತ್ತು ದಾಟಿದ ಅವ್ವ, ಉದ್ಯಮಬಾಗದಲ್ಲಿ ಫೌಂಡ್ರಿ ನಡೆಸುವ ಅಣ್ಣ, ವೈನಿ, ಅವರ ಮಗಳು ಮತ್ತು ಹೈಸ್ಕೂಲಿನ ಮಗ, ನಾನು, ನನ್ನವರು. ಇವರಲ್ಲಿ ಹಾಯಿದೋಣಿಯ ಗಂಧ ಇದ್ದವನು ಅಣ್ಣ ಒಬ್ಬನೇ. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಿ, ದೋನಾ ಪಾವ್ಲಾದಲ್ಲಿ ಸಣ್ಣ ಹಾಯಿದೋಣಿ ನಡೆಸುವುದನ್ನು ಕಲಿತು ಬಂದಿದ್ದ. ಅವನಿಗೆ ಗಾಳಿ ಬೇಕು, ಅವ್ವನಿಗೆ ರಾತ್ರಿ ಅಲುಗಾಡದ ನಿದ್ದೆ ಬೇಕು, ಹುಡುಗರಿಗೆ ಈಜು ಬೇಕು, ವೈನಿಗೆ ಸ್ಯಾಂಟೊರಿನಿಯ ಬಿಳಿ ಮನೆಗಳ ಮುಂದೆ ಒಂದು ಫೋಟೋ ಬೇಕು. "ಗ್ರೀಸ್‌ಗೆ ಹೋಗಿ ಸ್ಯಾಂಟೊರಿನಿ ನೋಡದ ಬಂದೀವಿ ಅಂದರ ಮಂದಿ ಏನ್ ಅಂತಾರ?" ಎಂದು ವೈನಿ ಕೇಳಿದ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ, ಏಕೆಂದರೆ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಅವರದೇ.

ಬೇಸಿಗೆಯ ಮೆಡಿಟರೇನಿಯನ್ ಅಲೆಯಿಲ್ಲದ ಕೆರೆಯಂತಿರುತ್ತದೆ ಎಂಬ ನಂಬಿಕೆ ಚಿತ್ರಗಳಿಂದ ಬಂದದ್ದು. ಗ್ರೀಸ್ ಮತ್ತು ಟರ್ಕಿಗಳ ನಡುವಿನ ಏಜಿಯನ್ ಸಮುದ್ರದ ಮೇಲೆ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಉತ್ತರದಿಂದ ಮೆಲ್ಟೆಮಿ ಎಂಬ ಗಾಳಿ ಬೀಸುತ್ತದೆ. ಬಾಲ್ಕನ್ ಭಾಗದಲ್ಲಿ ವಾಯುವಿನ ಒತ್ತಡ ಏರಿ, ಟರ್ಕಿಯ ಮೇಲೆ ಇಳಿದಾಗ ಈ ಗಾಳಿ ಹುಟ್ಟುತ್ತದೆ, ಒಮ್ಮೆ ಹಿಡಿಯಿತೆಂದರೆ ಹಲವು ದಿನ ಬಿಡುವುದಿಲ್ಲ. ಗಾಳಿಯ ಬಲವನ್ನು ಅಳೆಯುವ ಬ್ಯೂಫೋರ್ಟ್ ಮಾಪನದಲ್ಲಿ 5 ಅಥವಾ 6 ಎಂಬುದು ಅಲ್ಲಿ ಸಾಮಾನ್ಯ, 7 ಅಪರೂಪವಲ್ಲ. 7 ಎಂದರೆ 28ರಿಂದ 33 ನಾಟ್, ಅಂದರೆ ಗಂಟೆಗೆ 50ರಿಂದ 60 ಕಿಲೋಮೀಟರ್ ವೇಗದ ಗಾಳಿ. ಇದರ ಮೋಸವಿರುವುದು ಆಕಾಶದಲ್ಲಿ. ನಮ್ಮ ಕಡೆ ಜೋರು ಗಾಳಿ ಬರುವ ಮುನ್ನ ಪಡುವಣದಲ್ಲಿ ಮೋಡ ಕಟ್ಟುತ್ತದೆ, ಕತ್ತಲಾಗುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಮೆಲ್ಟೆಮಿ ಬೀಸುವ ದಿನ ಆಕಾಶ ತೊಳೆದಿಟ್ಟಂತೆ ನೀಲಿಯಾಗಿರುತ್ತದೆ, ಬಿಸಿಲು ಹೊಳೆಯುತ್ತಿರುತ್ತದೆ, ದಡದ ಮೇಲೆ ನಿಂತು ತೆಗೆದ ಫೋಟೋದಲ್ಲಿ ಗಾಳಿ ಕಾಣುವುದೇ ಇಲ್ಲ.

ಈ ಗಾಳಿಯ ಮೂಲವನ್ನು ಹುಡುಕುತ್ತ ಹೋದರೆ ಅದು ನಮ್ಮ ಮನೆಬಾಗಿಲಿಗೇ ಬಂದು ನಿಲ್ಲುತ್ತದೆ, ತರಗತಿಯಲ್ಲಿ ಹೇಳುವಾಗ ಮಕ್ಕಳು ಕಿವಿ ನಿಮಿರಿಸುವುದೂ ಇಲ್ಲಿಯೇ. ಟರ್ಕಿಯ ಮೇಲಿನ ಆ ಕಡಿಮೆ ಒತ್ತಡ ತಾನೇ ತಾನಾಗಿ ಹುಟ್ಟಿದ್ದಲ್ಲ. ಮುಂಗಾರಿನ ಕಾಲದಲ್ಲಿ ವಾಯವ್ಯ ಭಾರತ ಮತ್ತು ಪಾಕಿಸ್ತಾನದ ಮೇಲೆ ನಿಲ್ಲುವ ಒತ್ತಡದ ತಗ್ಗು ಇರಾನ್, ಇರಾಕ್ ದಾಟಿ ಪಶ್ಚಿಮಕ್ಕೆ ಚಾಚಿಕೊಂಡಾಗ ಅದರ ತುದಿ ಟರ್ಕಿಯನ್ನು ಮುಟ್ಟುತ್ತದೆ. 1996ರಲ್ಲಿ ಮಾರ್ಕ್ ರಾಡ್‌ವೆಲ್ ಮತ್ತು ಬ್ರಯಾನ್ ಹಾಸ್ಕಿನ್ಸ್ ಎಂಬ ಹವಾಮಾನ ವಿಜ್ಞಾನಿಗಳು, ಏಷ್ಯಾದ ಮುಂಗಾರು ಮಳೆ ಸುರಿಯುವಾಗ ಮೇಲಿನ ವಾತಾವರಣದಲ್ಲಿ ಬಿಡುಗಡೆಯಾಗುವ ಶಾಖವು ದೂರದ ಪೂರ್ವ ಮೆಡಿಟರೇನಿಯನ್ ಮೇಲೆ ಗಾಳಿ ಕೆಳಗಿಳಿಯುವಂತೆ ಮಾಡಿ, ಅಲ್ಲಿನ ಬೇಸಿಗೆಯನ್ನು ಮಳೆಯಿಲ್ಲದಂತೆ ಒಣಗಿಸುವುದರಲ್ಲಿ ಪಾಲು ಪಡೆಯುತ್ತದೆ ಎಂದು ತೋರಿಸಿದರು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಮಲಪ್ರಭೆಯ ಉಗಮದ ಸುತ್ತ ಬಿಡದೆ ಮಳೆ ಹೊಡೆಯುವ ತಿಂಗಳುಗಳೂ ಏಜಿಯನ್‌ನಲ್ಲಿ ದೋಣಿಗಳು ಬಂದರು ಬಿಡದೆ ಕೂಡುವ ತಿಂಗಳುಗಳೂ ಒಂದೇ ಆಗಿರುವುದು ಹೀಗೆ. ಇದು ದಿನಕ್ಕೆ ದಿನ ತಾಳೆ ಹಾಕುವ ಸಂಬಂಧವಲ್ಲ, ಋತುವಿನ ಸಂಬಂಧ. ಆದರೆ ಪ್ರವಾಸದ ವಾರವನ್ನು ಆರಿಸುವವರಿಗೆ ಋತುವಿನ ಸಂಬಂಧವೇ ಸಾಕು. ಮುಂಗಾರು ಪೂರ್ತಿ ಬಲ ಹಿಡಿಯುವ ಮುನ್ನ ಹೋಗಿ ಬರಬೇಕು, ಇಲ್ಲವೇ ಮೆಲ್ಟೆಮಿ ಮುಟ್ಟದ ಕಡೆಗೆ ಹೋಗಬೇಕು ಎಂಬ ಎರಡು ದಾರಿಗಳು ಇಲ್ಲಿಂದಲೇ ತೆರೆದುಕೊಂಡವು.

ಸ್ಯಾಂಟೊರಿನಿ ಮತ್ತು ಮೈಕೊನೊಸ್ ಇರುವುದು ಸೈಕ್ಲೇಡೀಸ್ ದ್ವೀಪಸಮೂಹದಲ್ಲಿ, ಅಂದರೆ ಮೆಲ್ಟೆಮಿಯ ನಟ್ಟನಡುವೆ. ಗಾಳಿಯ ಜೊತೆಗೆ ದೂರವೂ ಅಡ್ಡ ಬಂತು. ಅಥೆನ್ಸ್‌ನ ಬಂದರುಗಳಿಂದ ಮೈಕೊನೊಸ್‌ಗೆ ಸುಮಾರು 90 ನಾಟಿಕಲ್ ಮೈಲಿ, ಸ್ಯಾಂಟೊರಿನಿ ಅದಕ್ಕಿಂತಲೂ ಆಚೆ. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್, ನಲವತ್ತು ಅಡಿಯ ಹಾಯಿದೋಣಿ ಗಂಟೆಗೆ ಐದಾರು ಮೈಲಿ ಸಾಗುತ್ತದೆ. ಹೋಗುವಾಗ ಗಾಳಿ ಬೆನ್ನಿಗೋ ಪಕ್ಕಕ್ಕೋ ಇದ್ದು ಸಾಗಿಸುತ್ತದೆ, ದೋಣಿ ಒಪ್ಪಿಸಲು ಮರಳುವಾಗ ಅದೇ ಗಾಳಿಯನ್ನು ಎದುರಿಗೆ ಹಾಕಿಕೊಂಡು ಅಲೆಯ ಮೇಲೆ ಕುಪ್ಪಳಿಸುತ್ತ ಬರಬೇಕು. ಇಷ್ಟೆಲ್ಲ ಮಾಡಿ ಸ್ಯಾಂಟೊರಿನಿ ಮುಟ್ಟಿದರೂ ಅಲ್ಲಿ ಸಣ್ಣ ದೋಣಿಗೆ ಒಳ್ಳೆಯ ನೆಲೆಯಿಲ್ಲ. ಜ್ವಾಲಾಮುಖಿ ಕುಸಿದು ಆದ ಆ ಕೊಲ್ಲಿ ಎಷ್ಟು ಆಳವೆಂದರೆ ಬಹುಪಾಲು ಕಡೆ ಲಂಗರು ನೆಲ ಮುಟ್ಟುವುದಿಲ್ಲ. ಸ್ಯಾಂಟೊರಿನಿ ಹಡಗಿನಲ್ಲೋ ವಿಮಾನದಲ್ಲೋ ಹೋಗಿ ಎರಡು ದಿನ ಇದ್ದು ಬರುವ ಊರು, ಹಾಯಿದೋಣಿಯ ಊರಲ್ಲ ಎಂದು ವೈನಿಗೆ ನಕ್ಷೆಯ ಮೇಲೆ ಕೈವಾರ ಇಟ್ಟು ತೋರಿಸಿದೆ. ಅವರು ಒಪ್ಪಿದರು, ಆದರೆ ಬರುವಾಗ ಅಥೆನ್ಸ್‌ನಿಂದ ಅಲ್ಲಿಗೆ ಒಂದು ವಿಮಾನದ ಟಿಕೆಟ್ ಆಗಬೇಕೆಂಬ ಷರತ್ತಿನ ಮೇಲೆ.

ಪಶ್ಚಿಮದ ಕಡಲುಗಳನ್ನು ನಾನು ಬೇಗ ಬಿಟ್ಟೆ. ಸಾರ್ಡಿನಿಯಾದ ಉತ್ತರಕ್ಕಿರುವ ಲಾ ಮದ್ದಲೇನಾ ದ್ವೀಪಗಳ ನೀರಿನ ಬಣ್ಣಕ್ಕೆ ಸರಿಸಾಟಿ ಕಡಿಮೆ, ಆದರೆ ಫ್ರಾನ್ಸ್‌ನ ರೋನ್ ಕಣಿವೆಯಿಂದ ಇಳಿದು ಬರುವ ಮಿಸ್ಟ್ರಲ್ ಗಾಳಿ ಕಾರ್ಸಿಕಾ ಮತ್ತು ಸಾರ್ಡಿನಿಯಾಗಳ ನಡುವಿನ ಬೊನಿಫಾಚಿಯೊ ಜಲಸಂಧಿಯಲ್ಲಿ ಇಕ್ಕಟ್ಟಾಗಿ ಇನ್ನಷ್ಟು ಬಿರುಸಾಗುತ್ತದೆ. ಬೇಸಿಗೆಯಲ್ಲಿ ಅದು ಚಳಿಗಾಲದಷ್ಟು ಮೇಲಿಂದ ಮೇಲೆ ಬರುವುದಿಲ್ಲವಾದರೂ ಬಂದ ದಿನ ಅವ್ವ ದೋಣಿಯಲ್ಲಿರುವುದು ನನಗೆ ಬೇಡವಾಗಿತ್ತು. ಸ್ಪೇನ್‌ನ ಬಲೆಯಾರಿಕ್ ದ್ವೀಪಗಳಲ್ಲಿ ಪೊಸಿಡೋನಿಯಾ ಎಂಬ ಕಡಲ ಹುಲ್ಲಿನ ಮೇಲೆ ಲಂಗರು ಹಾಕುವುದನ್ನು 2018ರಿಂದ ನಿಷೇಧಿಸಿದ್ದಾರೆ, ಒಳ್ಳೆಯ ಕಾನೂನೇ ಅದು. ಆದರೆ ಲಂಗರು ಹಾಕುವ ಜಾಗ, ತೇಲುಬುರುಡೆಗೆ ಕಟ್ಟುವ ಜಾಗ ಎಂದು ಮೊದಲೇ ಲೆಕ್ಕ ಹಾಕಿ ಓಡಾಡುವ ತಾಳ್ಮೆ ಬೇಕು. ಸಿಸಿಲಿಯ ಉತ್ತರಕ್ಕಿರುವ ಎಯೋಲಿಯನ್ ದ್ವೀಪಗಳಲ್ಲಿ ರಾತ್ರಿ ಸ್ಟ್ರೊಂಬೊಲಿ ಜ್ವಾಲಾಮುಖಿಯ ಬೆಂಕಿ ನೋಡಬಹುದು, ಭೂಗೋಳದವಳಾದ ನನಗೆ ಅದರ ಆಸೆ ಈಗಲೂ ಇದೆ, ಆದರೆ ಅಲ್ಲಿನ ಲಂಗರುದಾಣಗಳು ಬಹುತೇಕ ಮರೆಯಿಲ್ಲದವು, ರಾತ್ರಿಯಿಡೀ ದೋಣಿ ತೊಟ್ಟಿಲಾಗುತ್ತದೆ. ಅವ್ವನ ನಿದ್ದೆಯ ಷರತ್ತಿಗೆ ಇದು ಒಗ್ಗಲಿಲ್ಲ.

ಕೊನೆಗೆ ಕಣದಲ್ಲಿ ಉಳಿದವು ನಾಲ್ಕು. ಕ್ರೊಯೇಶಿಯಾದ ದಲ್ಮೇಶಿಯಾ ಕರಾವಳಿ, ಗ್ರೀಸ್‌ನ ಅಯೋನಿಯನ್ ದ್ವೀಪಗಳು, ಅಥೆನ್ಸ್‌ಗೆ ಹತ್ತಿರದ ಸರೋನಿಕ್ ಕೊಲ್ಲಿ, ಟರ್ಕಿಯ ಗೊಚೆಕ್ ಮತ್ತು ಫೆಥಿಯೆ ಸುತ್ತಲಿನ ಕೊಲ್ಲಿಗಳು.

ಇವುಗಳ ನಡುವೆ ತೂಗುವ ಮುನ್ನ ತಾರೀಖನ್ನು ಗಟ್ಟಿ ಮಾಡಿಕೊಳ್ಳಬೇಕಾಯಿತು, ಏಕೆಂದರೆ ನಮ್ಮ ಬೇಸಿಗೆಯೂ ಅವರ ಬೇಸಿಗೆಯೂ ಒಂದಲ್ಲ. ನಮ್ಮ ಶಾಲೆಗಳ ರಜೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಏಪ್ರಿಲ್‌ನಲ್ಲಿ ಅಯೋನಿಯನ್ ಕಡಲಿನ ನೀರು 16-17 ಡಿಗ್ರಿಯಲ್ಲಿರುತ್ತದೆ, ಮೇ ನಡುವಿಗೆ 19-20ಕ್ಕೆ ಏರುತ್ತದೆ. ಬೆಳಗಾವಿಯ ಡಿಸೆಂಬರ್ ಚಳಿಯಲ್ಲೂ ಬಿಸಿನೀರಿಲ್ಲದೆ ಸ್ನಾನ ಮಾಡದ ಹುಡುಗರು ಅದಕ್ಕೆ ಇಳಿಯುವವರಲ್ಲ. ಜೂನ್ ಕೊನೆಗೆ ನೀರು 24ರ ಸುಮಾರಿಗೆ ಬರುತ್ತದೆ, ಹಗಲು ದೀರ್ಘವಾಗಿದ್ದು ರಾತ್ರಿ ಒಂಬತ್ತರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ದೋಣಿಯ ಬಾಡಿಗೆ ಇನ್ನೂ ಜುಲೈ-ಆಗಸ್ಟ್‌ನ ತುದಿ ಮುಟ್ಟಿರುವುದಿಲ್ಲ. ಒಂದೇ ದೋಣಿಗೆ ಬೇರೆ ಬೇರೆ ವಾರಗಳ ದರ ತರಿಸಿ ನೋಡಿದಾಗ ಮೇ ಮೊದಲ ವಾರಕ್ಕೂ ಆಗಸ್ಟ್ ಮೊದಲ ವಾರಕ್ಕೂ ಹೆಚ್ಚುಕಡಿಮೆ ದುಪ್ಪಟ್ಟಿನ ಅಂತರವಿತ್ತು. ದಸರಾ ರಜೆಗೆ ಹೋಗೋಣ ಎಂದು ಅಣ್ಣ ಒಂದು ಹಂತದಲ್ಲಿ ಹೇಳಿದ. ಸೆಪ್ಟೆಂಬರ್ ಕೊನೆಯಲ್ಲಿ ನೀರು ಬೆಚ್ಚಗಿರುವುದು ನಿಜ, ಜನಜಂಗುಳಿಯೂ ಕಡಿಮೆ, ಆದರೆ ಬೇಸಿಗೆಯಿಡೀ ಕಾಯ್ದ ಕಡಲಿನ ಮೇಲೆ ಚಂಡಮಾರುತದ ಸ್ವಭಾವದ ಸುಳಿಗಳು ಏಳುವುದೂ ಆಗಲೇ. 2020ರ ಸೆಪ್ಟೆಂಬರ್‌ನಲ್ಲಿ ಇಯಾನೊಸ್ ಎಂಬ ಅಂಥ ಬಿರುಗಾಳಿ ನೇರವಾಗಿ ಅಯೋನಿಯನ್ ದ್ವೀಪಗಳನ್ನೇ ಹೊಡೆದು ಹಲವು ದೋಣಿಗಳನ್ನು ಮುಳುಗಿಸಿತು. ಹೀಗಾಗಿ ಜೂನ್ ಕೊನೆಯ ವಾರ, ನಮ್ಮಲ್ಲಿ ಮೃಗಶಿರಾ ಮುಗಿದು ಆರಿದ್ರಾ ಮಳೆ ಹೂಡುವ ಹೊತ್ತು, ಎಂದು ತೀರ್ಮಾನವಾಯಿತು. ಆಗಷ್ಟೇ ಶುರುವಾದ ಶಾಲೆಗೆ ಹುಡುಗನ ರಜೆಯ ಅರ್ಜಿ ಬರೆಯುವ ಕೆಲಸ ವೈನಿಯ ಪಾಲಿಗೆ ಬಂತು. ದೋಣಿಗಳನ್ನು ಬಹುತೇಕ ಎಲ್ಲೆಡೆ ಶನಿವಾರದಿಂದ ಶನಿವಾರಕ್ಕೆ ಕೊಡುತ್ತಾರೆ, ಶನಿವಾರ ಸಂಜೆ ಕೈಗೆ ಬರುತ್ತದೆ, ಮುಂದಿನ ಶುಕ್ರವಾರ ಸಂಜೆಯೇ ಮೂಲ ಬಂದರಿಗೆ ಮರಳಿರಬೇಕು. ವಾರ ಎಂದು ಬರೆದದ್ದರಲ್ಲಿ ನಿಜವಾಗಿ ಓಡಾಟಕ್ಕೆ ಸಿಗುವುದು ಆರೇ ದಿನ ಎಂಬುದನ್ನು ವಿಮಾನದ ಟಿಕೆಟ್ ತೆಗೆಯುವ ಮುನ್ನ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಟರ್ಕಿ ಬಿದ್ದುಹೋದದ್ದು ಕಡಲಿನ ದೋಷದಿಂದಲ್ಲ, ಕಾಗದಪತ್ರದಿಂದ. ಗೊಚೆಕ್‌ನ ಕೊಲ್ಲಿಗಳು ಪೈನ್ ಮರಗಳ ಗುಡ್ಡಗಳಿಂದ ಸುತ್ತುವರಿದಿದ್ದು, ನಾಲ್ಕರಲ್ಲಿ ಎಲ್ಲಕ್ಕಿಂತ ಶಾಂತ ನೀರು ಅಲ್ಲಿಯದೇ. ಆದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಶೆಂಗೆನ್ ಒಕ್ಕೂಟದಲ್ಲಿ ಟರ್ಕಿ ಇಲ್ಲ; ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಲ್ಲಿನ ಇ-ವೀಸಾ ಸಿಗಬೇಕಾದರೆ ಶೆಂಗೆನ್, ಅಮೆರಿಕ, ಬ್ರಿಟನ್ ಅಥವಾ ಐರ್ಲೆಂಡ್‌ನ ಚಾಲ್ತಿಯಲ್ಲಿರುವ ವೀಸಾ ಕೈಯಲ್ಲಿರಬೇಕು, ಇಲ್ಲವಾದರೆ ಪಾಸ್‌ಪೋರ್ಟ್‌ಗೆ ಅಂಟಿಸುವ ವೀಸಾಕ್ಕೆ ಬೇರೆಯಾಗಿ ಓಡಾಡಬೇಕು. ವೈನಿಯ ಸ್ಯಾಂಟೊರಿನಿಗೆ ಹೇಗೂ ಗ್ರೀಸ್ ಆಗಲೇಬೇಕಿದ್ದಾಗ ಎರಡು ವೀಸಾದ ಉಸಾಬರಿ ನಮಗೆ ಬೇಡವಾಯಿತು. ಕ್ರೊಯೇಶಿಯಾ 2023ರ ಜನವರಿ 1ರಂದು ಶೆಂಗೆನ್ ಒಕ್ಕೂಟವನ್ನೂ ಯೂರೋ ನಾಣ್ಯವನ್ನೂ ಒಟ್ಟಿಗೆ ಸೇರಿದ ಮೇಲೆ ಅಲ್ಲಿಗೂ ಗ್ರೀಸ್‌ಗೂ ಒಂದೇ ವೀಸಾ ಸಾಕು, ಹೆಚ್ಚು ರಾತ್ರಿ ಕಳೆಯುವ ದೇಶದಲ್ಲಿ ಅರ್ಜಿ ಹಾಕಬೇಕು ಅಷ್ಟೇ. ಅರ್ಜಿಯನ್ನು ಪ್ರವಾಸಕ್ಕೆ ಆರು ತಿಂಗಳ ಮುಂಚಿನಿಂದ ಹಾಕಬಹುದು. ಏಪ್ರಿಲ್-ಮೇ ತಿಂಗಳಲ್ಲಿ ಊರಿಗೆ ಊರೇ ಯೂರೋಪಿಗೆ ಹೊರಡುವುದರಿಂದ ನಾವು ಫೆಬ್ರವರಿಯಲ್ಲೇ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆವು. ಕೆಲಸದ ನಿಮಿತ್ತ ಜರ್ಮನಿಗೆ ಹೋಗಿ ಬಂದಿದ್ದ ಅಣ್ಣನಿಗೆ ಆ ಓಡಾಟ ತಪ್ಪಿತು, ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅವ್ವನ ವಯಸ್ಸಿಗೆ ವಿಮೆಯ ಕಂತು ಹೆಚ್ಚಾದರೂ ಅದರಲ್ಲಿ ಕೈ ಬಿಗಿಹಿಡಿಯುವುದು ಸಲ್ಲದು.

ಸರೋನಿಕ್ ಕೊಲ್ಲಿ ನನಗೆ ಬಹಳ ಹಿಡಿಸಿತ್ತು. ಅಥೆನ್ಸ್‌ನ ವಿಮಾನ ಇಳಿದು ಟ್ಯಾಕ್ಸಿಯಲ್ಲಿ ನೇರವಾಗಿ ದೋಣಿಗೆ ಹೋಗಬಹುದು, ಎಜೀನಾ ದ್ವೀಪಕ್ಕೆ ಹದಿನೇಳರ ಸುಮಾರು ಮೈಲಿ, ಅಲ್ಲಿಂದ ಪೊರೊಸ್, ಅಲ್ಲಿಂದ ಮೋಟಾರು ವಾಹನಗಳಿಲ್ಲದೆ ಇಂದಿಗೂ ಕತ್ತೆ-ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುವ ಹೈಡ್ರಾ, ದಾರಿಯಲ್ಲಿ ಎಪಿಡಾರಸ್‌ನ ಪ್ರಾಚೀನ ಬಯಲು ರಂಗಮಂದಿರ. ಮೆಲ್ಟೆಮಿ ಇಲ್ಲಿಗೂ ಬರುತ್ತದೆ, ಆದರೆ ಅಟಿಕಾ ಪರ್ಯಾಯದ್ವೀಪವನ್ನು ದಾಟಿ ಬರುವಾಗ ಸೊರಗಿರುತ್ತದೆ. ಅಡ್ಡ ಬಂದದ್ದು ಸೆಕೆ ಮತ್ತು ನೂಕುನುಗ್ಗಲು. 2023ರ ಜುಲೈನಲ್ಲಿ ಅಥೆನ್ಸ್‌ನ ಬಿಸಿಲು ಎಷ್ಟಿತ್ತೆಂದರೆ ಪ್ರಾಚೀನ ದೇವಾಲಯಗಳ ಗುಡ್ಡವಾದ ಅಕ್ರೊಪೊಲಿಸ್ ಅನ್ನು ಮಧ್ಯಾಹ್ನದ ಹೊತ್ತು ಮುಚ್ಚಬೇಕಾಯಿತು. ಹೈಡ್ರಾದ ಬಂದರು ಅಂಗೈಯಷ್ಟು ಅಗಲ, ಬೇಸಿಗೆಯಲ್ಲಿ ದೋಣಿಗಳು ಎರಡು ಮೂರು ಸಾಲಾಗಿ ನಿಂತು ಒಬ್ಬರ ಲಂಗರಿನ ಸರಪಳಿಯ ಮೇಲೆ ಇನ್ನೊಬ್ಬರದು ಬೀಳುತ್ತದೆ. ಬೆಳಿಗ್ಗೆ ಬೇಗ ಹೊರಡಬೇಕೆಂದರೂ ಪಕ್ಕದವರು ಎದ್ದು ಚಹಾ ಕುಡಿಯುವವರೆಗೆ ಕಾಯಬೇಕು.

ಉಳಿದ ಎರಡರ ನಡುವಿನ ತೂಕ ಕಠಿಣವಾಗಿತ್ತು. ಸಾವಿರಕ್ಕೂ ಹೆಚ್ಚು ದ್ವೀಪ-ನಡುಗಡ್ಡೆಗಳಿರುವ ಕ್ರೊಯೇಶಿಯಾದಲ್ಲಿ ಕಲ್ಲಿನ ಊರುಗಳ ಚೆಲುವು ದೊಡ್ಡದು. ದೋಣಿ ಹತ್ತುವ ಸ್ಪ್ಲಿಟ್ ನಗರದ ನಡುಭಾಗವೇ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಕಟ್ಟಿಸಿದ ಅರಮನೆ, ಅದರೊಳಗೆ ಇಂದಿಗೂ ಜನ ಮನೆ ಮಾಡಿಕೊಂಡಿದ್ದಾರೆ. ವಿಸ್ ದ್ವೀಪ ಯುಗೊಸ್ಲಾವಿಯದ ಸೈನಿಕ ನೆಲೆಯಾಗಿ 1989ರವರೆಗೆ ಹೊರದೇಶದವರಿಗೆ ಮುಚ್ಚಿತ್ತು, ಅದರಿಂದಾಗಿಯೇ ಅಲ್ಲಿ ದೊಡ್ಡ ಹೋಟೆಲುಗಳ ಸಾಲು ಎದ್ದಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ಏಳುವ ಮಾಯಿಸ್ಟ್ರಲ್ ಎಂಬ ವಾಯವ್ಯದ ಗಾಳಿ ಹಿತವಾದದ್ದು, ಬೆಟ್ಟದಿಂದ ಧುಮುಕುವ ಬುರಾ ಗಾಳಿಯ ಉಗ್ರರೂಪ ಹೆಚ್ಚಾಗಿ ಚಳಿಗಾಲಕ್ಕೆ ಸೇರಿದ್ದು. ಆದರೆ ಹ್ವಾರ್ ದ್ವೀಪದ ಸುತ್ತಮುತ್ತಲಿನ ಬಂದರುಗಳಲ್ಲಿ ಒಂದು ರಾತ್ರಿ ನಿಲ್ಲುವ ಶುಲ್ಕ ಗ್ರೀಸ್‌ನ ಸಣ್ಣ ಊರುಗಳ ಧಕ್ಕೆಗೆ ಹೋಲಿಸಿದರೆ ಹಲವು ಪಟ್ಟು ಹೆಚ್ಚು. ಊಟದ ಪಟ್ಟಿ ಇನ್ನೊಂದು ತೊಡಕು. ನಮ್ಮ ಮನೆ ಪೂರ್ತಿ ಸಸ್ಯಾಹಾರಿ. ದಲ್ಮೇಶಿಯಾದಲ್ಲಿ ಬ್ಲಿಟ್ವಾ ಎಂಬ ಸೊಪ್ಪು-ಆಲೂಗಡ್ಡೆಯ ಪಲ್ಯವಿದೆ, ಸೊಪ್ಪನ್ನು ತುಂಬಿ ಬೇಯಿಸಿದ ಸೊಪಾರ್ನಿಕ್ ಇದೆ, ಅದರಾಚೆ ಪಾಸ್ತಾ ಮತ್ತು ಪಿಜ್ಜಾ. ಗ್ರೀಸ್‌ನಲ್ಲಿ ಆರ್ಥೊಡಾಕ್ಸ್ ಚರ್ಚಿನ ಉಪವಾಸದ ದಿನಗಳು ವರ್ಷದಲ್ಲಿ ಎಷ್ಟೋ ಇರುವುದರಿಂದ ಮಾಂಸವಿಲ್ಲದ ಅಡುಗೆ ಅವರ ಮನೆಯದೇ ಅಡುಗೆ: ಟೊಮೆಟೊ ಮತ್ತು ದೊಣ್ಣೆಮೆಣಸಿನಕಾಯಿಯಲ್ಲಿ ಅನ್ನ ತುಂಬಿದ ಗೆಮಿಸ್ಟಾ, ದೊಡ್ಡ ಅವರೆಯಂಥ ಕಾಳಿನ ಗಿಗಾಂಡೆಸ್, ಹಳದಿ ಬೇಳೆಯ ಫಾವಾ, ಬದನೆ-ಆಲೂಗಡ್ಡೆ ಸೇರಿಸಿ ಎಣ್ಣೆಯಲ್ಲಿ ಬೇಯಿಸಿದ ಬ್ರಿಯಾಮ್. ಎಣ್ಣೆಗಾಯಿ ತಿಂದು ಬೆಳೆದ ಅವ್ವನಿಗೆ ಬ್ರಿಯಾಮ್ ಪರದೇಶದ್ದು ಎನಿಸಲಿಲ್ಲ, ಖಾರ ಮಾತ್ರ ಸಾಲಲಿಲ್ಲ.

ಖಾರದ ಏರ್ಪಾಡು ನಾವೇ ಮಾಡಿಕೊಂಡಿದ್ದೆವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಇವೆಲ್ಲ ಕಡಲಿಗೆ ಹೇಳಿ ಮಾಡಿಸಿದಂಥವು, ಕೆಡುವುದಿಲ್ಲ, ಒಲೆ ಹೊತ್ತಿಸುವ ಕೆಲಸವಿಲ್ಲ. ಆದರೆ ಹೊರದೇಶಗಳಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ತರುವಂತಿಲ್ಲ ಎಂಬುದು ಯೂರೋಪಿನ ಒಕ್ಕೂಟದ ನಿಯಮ. ಬೆಳಗಾವಿಯಿಂದ ಹೊರಡುವವರ ಚೀಲದಲ್ಲಿ ಕುಂದಾ ಇಲ್ಲದಿರುವುದು ಅಪರೂಪ, ಅವ್ವ ಕಟ್ಟಿಟ್ಟಿದ್ದ ಡಬ್ಬಿಯನ್ನೂ ತುಪ್ಪದ ಬಾಟಲಿಯನ್ನೂ ಹೊರಡುವ ದಿನ ಪಕ್ಕದ ಮನೆಯವರಿಗೆ ಕೊಡಿಸಿದೆ.

ತಕ್ಕಡಿಯನ್ನು ಕೊನೆಗೆ ಅಯೋನಿಯನ್ ಕಡೆಗೆ ವಾಲಿಸಿದ್ದು ಊಟಕ್ಕಿಂತ ಹೆಚ್ಚಾಗಿ ದೂರಗಳ ಲೆಕ್ಕ. ಲೆಫ್ಕಾಡಾ ದ್ವೀಪದಿಂದ ದಕ್ಷಿಣಕ್ಕೆ ಮೆಗಾನಿಸಿ, ಇಥಾಕಾ, ಕೆಫಲೋನಿಯಾಗಳು ಒಂದರ ಮಗ್ಗುಲಿಗೆ ಒಂದಿದ್ದು, ಒಂದು ರಾತ್ರಿಯ ನೆಲೆಯಿಂದ ಮುಂದಿನದಕ್ಕೆ ಹೆಚ್ಚಾಗಿ ಹತ್ತು-ಹದಿನೈದು ನಾಟಿಕಲ್ ಮೈಲಿ, ಅಂದರೆ ಎರಡು ಮೂರು ಗಂಟೆಯ ಪಯಣ. ಸ್ಪ್ಲಿಟ್‌ನಿಂದ ಹ್ವಾರ್, ವಿಸ್ ನೋಡಿಕೊಂಡು ಬರಬೇಕಾದರೆ ಕೆಲವು ದಿನ ಇದರ ದುಪ್ಪಟ್ಟು ಸಾಗಬೇಕು. ದೂರ ಕಡಿಮೆಯಿದ್ದರೆ ಆಗುವ ಲಾಭ ಒಂದೇ ಅಲ್ಲ. ಬೆಳಿಗ್ಗೆ ಯಾರಿಗಾದರೂ ಹೊಟ್ಟೆ ತೊಳಸಿದರೆ ಹೊರಡುವುದನ್ನು ಮುಂದೂಡಬಹುದು. ಗಾಳಿ ಕೆಟ್ಟರೆ ಹತ್ತಿರದ ಕೊಲ್ಲಿಗೆ ಹೊಗಬಹುದು. ಒಂದು ಊರು ಮನಸ್ಸಿಗೆ ಹಿಡಿಸಿದರೆ ಮತ್ತೊಂದು ರಾತ್ರಿ ನಿಲ್ಲಬಹುದು. ಈ ಕಡಲಿಗೆ ಪೂರ್ವದಲ್ಲಿ ಗ್ರೀಸ್‌ನ ಮುಖ್ಯ ಭೂಭಾಗದ ಬೆಟ್ಟಗಳು ಅಡ್ಡ ನಿಂತಿರುವುದರಿಂದ ಮೆಲ್ಟೆಮಿ ತಲುಪುವುದಿಲ್ಲ. ಇಲ್ಲಿನ ಬೇಸಿಗೆಯ ಗಾಳಿ ಮಾಯಿಸ್ಟ್ರೊ, ಬೆಳಿಗ್ಗೆ ಇರುವುದಿಲ್ಲ, ಮಧ್ಯಾಹ್ನ ವಾಯವ್ಯದಿಂದ ಎದ್ದು ಬ್ಯೂಫೋರ್ಟ್ 3 ಅಥವಾ 4ಕ್ಕೆ ಏರಿ, ಕೆಲವೊಮ್ಮೆ 5 ಮುಟ್ಟಿ, ಸೂರ್ಯ ಮುಳುಗುವ ಹೊತ್ತಿಗೆ ಬಿದ್ದುಹೋಗುತ್ತದೆ. ಬೆಳಿಗ್ಗೆ ಹುಡುಗರ ಈಜಿಗೆ ನಿಂತ ನೀರು, ಮಧ್ಯಾಹ್ನ ಅಣ್ಣನ ಹಾಯಿಗೆ ಗಾಳಿ, ರಾತ್ರಿ ಅವ್ವನ ನಿದ್ದೆಗೆ ಅಲುಗದ ದೋಣಿ. ಮೂವರ ಬೇಡಿಕೆ ಒಂದೇ ದಿನಚರಿಯಲ್ಲಿ ಕೂಡಿಬಂದದ್ದು ನನ್ನ ಪಟ್ಟಿಯಲ್ಲಿ ಈ ಒಂದು ಕಡಲಿಗೆ ಮಾತ್ರ.

ದೋಣಿಯ ಜಾತಿಯನ್ನು ಆರಿಸಿದ್ದು ಅವ್ವನ ಮೊಣಕಾಲು. ಒಂಟಿ ಒಡಲಿನ ಹಾಯಿದೋಣಿ ಗಾಳಿ ಹಿಡಿದಾಗ ಒಂದು ಮಗ್ಗುಲಿಗೆ ವಾಲಿಕೊಂಡೇ ಓಡುತ್ತದೆ, ಅಣ್ಣನಿಗೆ ಸುಖ ಇರುವುದೇ ಆ ವಾಲುವಿಕೆಯಲ್ಲಿ. ಜೋಡಿ ಒಡಲಿನ ಕ್ಯಾಟಮರಾನ್ ವಾಲುವುದಿಲ್ಲ, ನಾಲ್ಕು ಕೋಣೆಗಳಿರುತ್ತವೆ, ಮೂತಿಯ ಕಡೆ ದೋಣಿ ನಡೆಸುವ ಸ್ಕಿಪ್ಪರ್ ಮಲಗಲು ಒಂದು ಗೂಡು ಇರುತ್ತದೆ, ಬಾಡಿಗೆ ಮಾತ್ರ ಸಾಕಷ್ಟು ಹೆಚ್ಚು. ಇನ್ನೊಂದು ಸಂಗತಿಯನ್ನು ನಾನು ದೋಣಿಯ ಫೋಟೋಗಳಲ್ಲಿ ಹುಡುಕಿ ಹುಡುಕಿ ನೋಡಿದೆ. ಮೆಡಿಟರೇನಿಯನ್‌ನಲ್ಲಿ ಭರತ-ಇಳಿತ ಬಹುತೇಕ ಕಡೆ ತೀರ ಕಡಿಮೆ, ಹಾಗಾಗಿ ಅಲ್ಲಿ ದೋಣಿಯನ್ನು ಸಾಮಾನ್ಯವಾಗಿ ಧಕ್ಕೆಗೆ ಮಗ್ಗುಲಾಗಿ ಕಟ್ಟುವುದಿಲ್ಲ. ಮುಂದೆ ಲಂಗರು ಇಳಿಬಿಟ್ಟು, ಹಿಮ್ಮುಖವಾಗಿ ಬಂದು, ಹಿಂಭಾಗವನ್ನು ಧಕ್ಕೆಗೆ ಹಗ್ಗದಿಂದ ಬಿಗಿಯುತ್ತಾರೆ. ದೋಣಿಗೂ ಧಕ್ಕೆಗೂ ನಡುವೆ ಒಂದು ಮೀಟರಿಗೂ ಹೆಚ್ಚು ನೀರು ಉಳಿಯುತ್ತದೆ, ಅದನ್ನು ದಾಟಲು ಒಂದಡಿ ಅಗಲದ ಹಲಗೆ. ದಿನಕ್ಕೆ ನಾಲ್ಕು ಸಲ ಎಪ್ಪತ್ತು ದಾಟಿದವರು ಆ ಹಲಗೆಯ ಮೇಲೆ ನಡೆಯಬೇಕು. ಕ್ಯಾಟಮರಾನ್‌ನ ಹಿಂಭಾಗದಲ್ಲಿ ಅಗಲವಾದ ಮೆಟ್ಟಿಲುಗಳಿದ್ದು ನೀರಿಗೆ ಹತ್ತಿರವಿರುತ್ತವೆ, ಹಲಗೆ ಹೆಚ್ಚು ಇಳಿಜಾರಾಗುವುದಿಲ್ಲ. ಹಿಡಿಕೆಯ ಹಗ್ಗವಿರುವ ಹಲಗೆ ಬೇಕೆಂದು ಕರಾರಿನಲ್ಲಿಯೇ ಬರೆಸಿದೆ. ಇಥಾಕಾದ ಕಿಯೋನಿಯಲ್ಲಿ ಮೊದಲ ಸಂಜೆ ನಾನು ಕೈಚಾಚಿದಾಗ ಅವ್ವ, "ಮಳಿಗಾಲದಾಗ ತಲಿ ಮ್ಯಾಲೆ ಬುತ್ತಿ ಹೊತ್ತು ಹಳ್ಳ ದಾಟಿದಾಕಿ ನಾನು, ನೀ ಮೊದಲ ನಿನ್ನ ಚಾಳೀಸ ಸಂಭಾಳಸ" ಎಂದು ಹಗ್ಗ ಹಿಡಿದು ತಾನೇ ದಾಟಿದಳು.

ಸ್ಕಿಪ್ಪರ್ ಬೇಕೋ ಬೇಡವೋ ಎಂಬ ಚರ್ಚೆಗೆ ಎಡೆಯೇ ಇರಲಿಲ್ಲ. ಗ್ರೀಸ್‌ನಲ್ಲಿಯೂ ಕ್ರೊಯೇಶಿಯಾದಲ್ಲಿಯೂ ಮಾನ್ಯವಾದ ಪರವಾನಗಿ ಇಲ್ಲದವರಿಗೆ ದೋಣಿ ಒಪ್ಪಿಸುವುದಿಲ್ಲ, ಗೋವಾದಲ್ಲಿ ಸಣ್ಣ ದೋಣಿ ನಡೆಸಿದ ಅಣ್ಣನ ಪ್ರಮಾಣಪತ್ರ ಅಲ್ಲಿ ನಡೆಯದು. ಸ್ಕಿಪ್ಪರ್‌ನ ದಿನಗೂಲಿ ಬಾಡಿಗೆಯಲ್ಲಿ ಸೇರಿರುವುದಿಲ್ಲ, ಅವನ ಊಟ ನಮ್ಮದು, ಮಲಗುವ ಜಾಗ ನಮ್ಮದು. ಇಂಧನ, ಕೊನೆಯ ದಿನದ ಸ್ವಚ್ಛತೆ, ಹಾಸಿಗೆಯ ಬಟ್ಟೆ, ಬಂದರು ಶುಲ್ಕ, ಗ್ರೀಸ್ ಸರಕಾರದ ದೋಣಿ ತೆರಿಗೆ ಇವುಗಳನ್ನೆಲ್ಲ ಕೂಡಿಸಿದ ಮೇಲೆಯೇ ಎರಡು ಊರುಗಳ ದರವನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಅಣ್ಣ ಫೌಂಡ್ರಿಗೆ ಕಚ್ಚಾ ಕಬ್ಬಿಣ ಕೊಳ್ಳುವಾಗ ಸಾಗಣೆ ಸಮೇತ ದರ ಕೇಳುವವನಾದ್ದರಿಂದ ಈ ಕೆಲಸವನ್ನು ಅವನಿಗೇ ಬಿಟ್ಟೆ.

ಅಲ್ಲಿಗೆ ಹೋದ ಮೇಲೆ ತಿಳಿದ ಒಂದು ಸಂಗತಿ ಯಾವ ನಕ್ಷೆಯಲ್ಲೂ ಇರಲಿಲ್ಲ. ಗಾಳಿ ಏಳುವುದು ಮಧ್ಯಾಹ್ನ ಒಂದು-ಎರಡರ ಹೊತ್ತಿಗೆ. ಕೆಫಲೋನಿಯಾದ ಫಿಸ್ಕಾರ್ಡೊದಂಥ ಹೆಸರಾದ ಬಂದರಿನ ಧಕ್ಕೆ ತುಂಬಿಹೋಗುವುದೂ ಅದೇ ಹೊತ್ತಿಗೆ. 1953ರ ಭೂಕಂಪದಲ್ಲಿ ಆ ದ್ವೀಪದ ಹೆಚ್ಚಿನ ಊರುಗಳು ನೆಲಸಮವಾದಾಗ ಉಳಿದುಕೊಂಡ ಹಳೆಯ ಮನೆಗಳ ಊರು ಅದು, ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ. ಹಾಯಿ ಬಿಚ್ಚಿ ಓಡಿಸಬೇಕೆನ್ನುವವರು ಜಾಗ ಕಳೆದುಕೊಳ್ಳುತ್ತಾರೆ, ಜಾಗ ಹಿಡಿಯಬೇಕೆನ್ನುವವರು ಇಂಜಿನ್ ಹಾಕಿಕೊಂಡು ಬೆಳಿಗ್ಗೆಯೇ ಬಂದು ಕೂಡುತ್ತಾರೆ. ನಮ್ಮ ಸ್ಕಿಪ್ಪರ್ ಇದಕ್ಕೆ ಸರದಿ ಮಾಡಿದ. ಫಿಸ್ಕಾರ್ಡೊದ ದಿನ ಬೆಳಿಗ್ಗೆ ಇಂಜಿನ್ ಹಾಕಿ ಹನ್ನೊಂದಕ್ಕೇ ಸೇರಿಕೊಂಡೆವು. ಮರುದಿನ ಇಥಾಕಾದ ವಥಿಯ ಅಗಲವಾದ ಕೊಲ್ಲಿಗೆ ಹೋಗುವುದಿದ್ದಾಗ, ಅಲ್ಲಿ ಲಂಗರಿಗೆ ಎಷ್ಟು ಹೊತ್ತಿಗೂ ಜಾಗವಿರುವುದರಿಂದ, ಸಂಜೆಯವರೆಗೆ ಹಾಯಿಯ ಮೇಲೆಯೇ ಇದ್ದೆವು. ಚುಕ್ಕಾಣಿಯನ್ನು ಎರಡು ಗಂಟೆ ಅಣ್ಣನ ಕೈಗೆ ಬಿಟ್ಟಿದ್ದ. ಲೆಫ್ಕಾಡಾದ ಸಿವೋಟಾದಲ್ಲಿಯೂ ಮೆಗಾನಿಸಿಯಲ್ಲಿಯೂ ಖಾನಾವಳಿಗಳೇ ತಮ್ಮ ಮುಂದೆ ದೋಣಿ ಕಟ್ಟುವ ಕಟ್ಟೆ ಇಟ್ಟುಕೊಂಡಿವೆ, ರಾತ್ರಿಯ ಊಟ ಅಲ್ಲಿ ಮಾಡಿದರೆ ನಿಲ್ಲುವುದಕ್ಕೆ ದುಡ್ಡಿಲ್ಲ, ಬೆಳಿಗ್ಗೆಯೇ ಫೋನ್ ಮಾಡಿ ಜಾಗ ಹೇಳಿಟ್ಟರೆ ಸಾಕು.

ಇಷ್ಟಾದರೂ ಎಲ್ಲರಿಗೂ ಅಯೋನಿಯನ್ ಕಡಲೇ ಸರಿ ಎಂದು ನಾನು ಹೇಳುವುದಿಲ್ಲ. ಬೆಳಗಾವಿಯಿಂದ ಅಲ್ಲಿಗೆ ತಲುಪುವುದು ಬಳಸು ದಾರಿ: ಸಾಂಬ್ರಾ ವಿಮಾನ ನಿಲ್ದಾಣದಿಂದ ಮುಂಬೈ, ಅಲ್ಲಿಂದ ಕೊಲ್ಲಿ ದೇಶವೊಂದರ ಮೂಲಕ ಅಥೆನ್ಸ್, ಅಲ್ಲಿಂದ ಬಸ್ಸಿನಲ್ಲಿ ಐದು ಗಂಟೆಗೂ ಹೆಚ್ಚು. ಒಂದು ರಾತ್ರಿ ಅಥೆನ್ಸ್‌ನಲ್ಲಿ ತಂಗದೆ ವಯಸ್ಸಾದವರನ್ನು ನೇರವಾಗಿ ದೋಣಿಗೆ ಹತ್ತಿಸಬಾರದು. ಹಳೆಯ ಕಟ್ಟಡ, ದೇವಾಲಯ, ವಸ್ತುಸಂಗ್ರಹಾಲಯ ನೋಡುವುದೇ ಮುಖ್ಯ ಎನ್ನುವವರಿಗೆ ಸರೋನಿಕ್ ಕೊಲ್ಲಿಯನ್ನೂ, ಕಲ್ಲಿನ ಪಟ್ಟಣಗಳಲ್ಲಿ ಸಂಜೆ ತಿರುಗಾಡುವ ಆಸೆಯಿದ್ದು ಬಂದರು ಶುಲ್ಕಕ್ಕೆ ಅಂಜದವರಿಗೆ ದಲ್ಮೇಶಿಯಾವನ್ನೂ ನಾನೇ ಹೇಳುತ್ತೇನೆ. ಈ ಸಲ ಅಣ್ಣನ ಗೆಳೆಯರೊಬ್ಬರು ಆಗಸ್ಟ್ ಬಿಟ್ಟರೆ ತಮಗೆ ಬಿಡುವಿಲ್ಲ, ಸೈಕ್ಲೇಡೀಸ್ ಆಗಬಹುದೇ ಎಂದು ಕೇಳಿಕೊಂಡು ಬಂದರು. ಅವರ ಮಕ್ಕಳಿಬ್ಬರೂ ಇನ್ನೂ ಹತ್ತು ದಾಟದವರು, ಅವರ ಪಾಸ್‌ಪೋರ್ಟ್‌ಗಳಲ್ಲಿ ಬ್ರಿಟನ್ನಿನ ವೀಸಾ ಇನ್ನೂ ಚಾಲ್ತಿಯಲ್ಲಿದೆ. ಅಂಥವರಿಗೆ ಟರ್ಕಿಯ ಇ-ವೀಸಾಕ್ಕೆ ಅಡ್ಡಿಯಿಲ್ಲವಾದ್ದರಿಂದ ದಲಮಾನ್‌ಗೆ ವಿಮಾನ ಹಿಡಿದು ಗೊಚೆಕ್‌ನಲ್ಲಿ ದೋಣಿ ಹತ್ತಿರಿ, ಬೋದ್ರುಮ್ ಕಡೆ ಮೆಲ್ಟೆಮಿ ಜೋರಾಗಿರುವುದರಿಂದ ಪಶ್ಚಿಮಕ್ಕೆ ಹೋಗದೆ ಫೆಥಿಯೆಯ ಸುತ್ತಲೇ ಇರಿ ಎಂದು ಬರೆದುಕೊಟ್ಟಿದ್ದೇನೆ.